ಒಂದು ಜನಾಂಗದ ವಿರುದ್ಧ ಸುಳ್ಳುಸಾಕ್ಷಿ: ಪೂಜ್ಯ ಪಾಡುಗಳ ನಾಟಕ, ಚಲನಚಿತ್ರ ಹಾಗೂ ಯೆಹೂದ್ಯರ ಪಡಿಯಚ್ಚು

ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯನ್ನು ಕಣ್ಣಮುಂದೆ ಇರಿಸಿಕೊಳ್ಳುತ್ತೇವೆ. ನ್ಯಾಯಾಲಯದಲ್ಲಿ ಸುಳ್ಳು ಹೇಳುವುದು, ಚಾಡಿ ಹೇಳುವುದು, ಪರರ ಮಾನಕ್ಕೆ ಕುಂದು ತರುವುದು ಇವೇ ನಮ್ಮ ಉದಾಹರಣೆಗಳು. ಪಾಪನಿವೇದನೆಯ ಸಿದ್ಧತೆಗೆಂದು ನೀಡುವ ಆತ್ಮಶೋಧನೆಯ ಪ್ರಶ್ನೆಗಳೂ ಇಲ್ಲಿಗೇ ನಿಲ್ಲುತ್ತವೆ. ಒಂದು ಇಡೀ ಜನಾಂಗದ ವಿರುದ್ಧ, ತಲೆಮಾರುಗಳ ಕಾಲ, ಚಿತ್ರ, ನಾಟಕ ಹಾಗೂ ಚಲನಚಿತ್ರಗಳ ಮೂಲಕ ಹೇಳಲಾಗುವ ಸುಳ್ಳುಸಾಕ್ಷಿಯನ್ನು ನಾವು ಈ ಆಜ್ಞೆಯ ಅಡಿಯಲ್ಲಿ ತರುವುದು ವಿರಳ. ಅದನ್ನು ಸಮಾಜಶಾಸ್ತ್ರದ ಪಾಠವೆಂದೋ ಮಾಧ್ಯಮ ವಿಮರ್ಶಕರ ಕೆಲಸವೆಂದೋ ಬದಿಗಿಡುತ್ತೇವೆ.

ಈ ಲೇಖನದಲ್ಲಿ ನಾವು ಒಂದೇ ಪ್ರಕರಣವನ್ನು ಪರಿಶೀಲಿಸುತ್ತೇವೆ: ಯೇಸುಸ್ವಾಮಿಯ ಪೂಜ್ಯ ಪಾಡುಗಳನ್ನು ನಿರೂಪಿಸುವ ಜನಪ್ರಿಯ ಕಲೆಯಲ್ಲಿ ಯೆಹೂದ್ಯರು ಹೇಗೆ ಚಿತ್ರಿತರಾದರು, ಆ ಚಿತ್ರಣದಿಂದ ಏನಾಯಿತು, ಧರ್ಮಸಭೆ ಅದನ್ನು ಹೇಗೆ ತಿದ್ದಿಕೊಂಡಿತು ಎಂಬುದು. ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಬೇರೆ ಜನಾಂಗೀಯ ಚಿತ್ರಣಗಳ ವಿಷಯದಲ್ಲಿ ನಾವು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ತೀರ್ಪು ನೀಡಬಹುದು. ಇಲ್ಲಿ ಮಾತ್ರ ರಂಗಮಂಚ ನಮ್ಮದು, ಕಥೆಯೂ ನಮ್ಮದು. ಪ್ರತಿವರ್ಷ ಗರಿಗಳ ಭಾನುವಾರದಂದು ಹಾಗೂ ಶುಭ ಶುಕ್ರವಾರದಂದು ಆ ಕಥೆಯನ್ನು ಜನರ ಮುಂದೆ ವಾಚಿಸುವವರೂ ವಿವರಿಸುವವರೂ ನಾವೇ.

ಪಡಿಯಚ್ಚು ಎಂದರೇನು?

ಸ್ಟೀರಿಯೋಟೈಪ್ ಎಂಬುದು ಮೂಲತಃ ಮುದ್ರಣಾಲಯದ ಪದ. ಬಿಡಿ ಅಕ್ಷರಗಳ ಮೊಳೆಗಳನ್ನು ಜೋಡಿಸಿದ ಪುಟದಿಂದ ಲೋಹದ ಒಂದೇ ಫಲಕವನ್ನು ಎರಕ ಹೊಯ್ದು, ಅದರಿಂದ ಎಷ್ಟು ಪ್ರತಿಗಳನ್ನಾದರೂ ಮುದ್ರಿಸುವ ವಿಧಾನಕ್ಕೆ ಆ ಹೆಸರಿತ್ತು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಪ್ರಕಟಿಸಿದ 'ಪಬ್ಲಿಕ್ ಒಪಿನಿಯನ್' ಎಂಬ ಗ್ರಂಥದಲ್ಲಿ, ನಾವು ನೋಡದ ಜನರ ಬಗ್ಗೆ ನಮ್ಮ ತಲೆಯಲ್ಲಿ ಮೊದಲೇ ಸಿದ್ಧವಾಗಿರುವ ಚಿತ್ರಗಳಿಗೆ ಈ ಪದವನ್ನು ಬಳಸಿದನು. ಕನ್ನಡದಲ್ಲಿ ಇದನ್ನು ಪಡಿಯಚ್ಚು ಎನ್ನುವುದು ಮೂಲಾರ್ಥಕ್ಕೂ ಹತ್ತಿರವಾದದ್ದು.

ಜನಾಂಗದ ಪಡಿಯಚ್ಚು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಅನೇಕರನ್ನು ಒಬ್ಬನನ್ನಾಗಿ ಮಾಡುತ್ತದೆ. ಒಬ್ಬನ ಕೃತ್ಯ ಎಲ್ಲರ ಕೃತ್ಯವಾಗುತ್ತದೆ. ಎರಡನೆಯದಾಗಿ, ಕಾಲವನ್ನು ಅಳಿಸಿಹಾಕುತ್ತದೆ. ಪೂರ್ವಜರು ಮಾಡಿದರೆನ್ನಲಾದದ್ದು ಮೊಮ್ಮಕ್ಕಳ ಇಂದಿನ ಅಪರಾಧವಾಗುತ್ತದೆ. ಮೂರನೆಯದಾಗಿ, ನಡತೆಯನ್ನು ರಕ್ತಕ್ಕೆ ಅಂಟಿಸುತ್ತದೆ. ಒಬ್ಬನು ಆಯ್ದುಕೊಂಡು ಮಾಡಿದ ಕೃತ್ಯವು ಹುಟ್ಟಿನಿಂದಲೇ ಬಂದ ಸ್ವಭಾವವೆಂದು ತೋರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಇದಕ್ಕೆ ನೇರವಾದ ಸುಳ್ಳು ಬೇಕಾಗಿಯೇ ಇಲ್ಲ. ಯೂದನು ಹಣ ಪಡೆದದ್ದು ನಿಜ, ಕಾಯಫನು ಸಂಚು ಹೂಡಿದ್ದು ನಿಜ, ಜನಸಮೂಹ ಕೂಗಿದ್ದು ನಿಜ. ಬಿಡಿಬಿಡಿಯಾದ ನಿಜಗಳನ್ನು ಆಯ್ದು, ಉಳಿದವನ್ನು ಕೈಬಿಟ್ಟು, ಎರಕ ಹೊಯ್ದಾಗ ದೊರಕುವ ಫಲಕ ಮಾತ್ರ ಸುಳ್ಳು. ಸುಳ್ಳುಸಾಕ್ಷಿಯ ಅತ್ಯಂತ ಅಪಾಯಕರ ರೂಪ ಇದೇ ಎಂಬುದು ನಮ್ಮ ಅಭಿಪ್ರಾಯ.

ರಂಗಮಂಚದಿಂದ ಬೆಳ್ಳಿತೆರೆಗೆ

ಮಧ್ಯಯುಗದ ಯೂರೋಪಿನಲ್ಲಿ ಓದುಬರಹ ಬಲ್ಲವರು ಕಡಿಮೆ. ದೇವಾಲಯದ ಗೋಡೆಯ ಚಿತ್ರ ಹಾಗೂ ಊರಿನ ಚೌಕದಲ್ಲಿ ಆಡುತ್ತಿದ್ದ ಪಾಡುಗಳ ನಾಟಕ ಇವೇ ಅಂದಿನ ಜನಪ್ರಿಯ ಮಾಧ್ಯಮಗಳು. ಇಟಲಿಯ ಪಾದುವಾ ನಗರದ ಸ್ಕ್ರೊವೆನಿ ಪ್ರಾರ್ಥನಾಲಯದಲ್ಲಿ ಜೊತ್ತೊ ಎಂಬ ಮಹಾನ್ ಕಲಾವಿದ 14ನೆಯ ಶತಮಾನದ ಆರಂಭದಲ್ಲಿ ಬರೆದ ಯೂದನ ಮುದ್ದಿನ ದೃಶ್ಯವನ್ನು ನೋಡಿದರೆ, ಯೇಸುವನ್ನು ತಬ್ಬುತ್ತಿರುವ ಯೂದನ ವಿಶಾಲವಾದ ಹಳದಿ ಮೇಲಂಗಿಯೇ ಕಣ್ಣಿಗೆ ರಾಚುತ್ತದೆ. ಕಾಲಕ್ರಮೇಣ ಯೂರೋಪಿನ ಹಲವು ಕಡೆಗಳಲ್ಲಿ ಯೆಹೂದ್ಯರು ಧರಿಸಲೇಬೇಕಾಗಿದ್ದ ಗುರುತಿನ ಬಣ್ಣವೂ ಹಳದಿಯೇ ಆಯಿತು. ಯೆಹೂದ್ಯರು ಹಾಗೂ ಮುಸಲ್ಮಾನರು ಉಡುಪಿನಿಂದಲೇ ಬೇರೆಯಾಗಿ ಗುರುತಿಸಿಕೊಳ್ಳಬೇಕೆಂದು ವಿಧಿಸಿದ್ದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ. ಪಾಡುಗಳ ದಿನಗಳಲ್ಲಿ ಯೆಹೂದ್ಯರು ಹೊರಗೆ ಕಾಣಿಸಿಕೊಳ್ಳಬಾರದೆಂದೂ ಅದೇ ವಿಧಿ ಹೇಳಿತು. ಹೀಗೆ ಚಿತ್ರದಲ್ಲಿ ಕಂಡ ಯೂದನೂ ಬೀದಿಯಲ್ಲಿ ಕಂಡ ನೆರೆಯವನೂ ಒಂದೇ ಬಣ್ಣ ತೊಟ್ಟರು. ನೋಡುಗನಿಗೆ ಇವರಿಬ್ಬರನ್ನು ಬೇರ್ಪಡಿಸುವ ಕಾರಣವೇ ಉಳಿಯಲಿಲ್ಲ.

ನಾಟಕಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು ಜರ್ಮನಿಯ ಬವೇರಿಯಾ ಪ್ರಾಂತದ ಓಬರಾಮರ್ಗೌ ಎಂಬ ಹಳ್ಳಿಯದು. 1633ರಲ್ಲಿ ಪ್ಲೇಗ್ ರೋಗದಿಂದ ತತ್ತರಿಸಿದ ಆ ಗ್ರಾಮಸ್ಥರು, ಪಾಡುಗಳ ನಾಟಕವನ್ನು ನಿಯತವಾಗಿ ಆಡುವುದಾಗಿ ಹರಕೆ ಹೊತ್ತು, 1634ರಲ್ಲಿ ಮೊದಲ ಪ್ರದರ್ಶನ ನೀಡಿದರು. ಹರಕೆಯ ಹಿಂದಿನ ಭಕ್ತಿಯನ್ನು ಯಾರೂ ಶಂಕಿಸಲಾರರು. ಆದರೆ ದೀರ್ಘಕಾಲ ಬಳಕೆಯಲ್ಲಿದ್ದ ನಾಟಕದ ಪಾಠದಲ್ಲಿ ಯೆಹೂದ್ಯರೆಂದರೆ ಯಾಜಕರು, ವ್ಯಾಪಾರಿಗಳು ಹಾಗೂ ರಕ್ತಕ್ಕಾಗಿ ಕೂಗುವ ಜನಸ್ತೋಮ. ಯೇಸು ಮತ್ತು ಅವರ ಶಿಷ್ಯರು ಬೇರೆಯದೇ ಜನಾಂಗದವರೆಂಬಂತೆ ಕಾಣುತ್ತಿದ್ದರು. ಮಹಾಯಾಜಕರ ತಲೆಯ ಮೇಲೆ ಕೊಂಬಿನಾಕಾರದ ಶಿರಸ್ತ್ರಾಣಗಳಿರುತ್ತಿದ್ದವು. ಅಡಾಲ್ಫ್ ಹಿಟ್ಲರ್ 1930ರಲ್ಲಿಯೂ, 300ನೆಯ ವರ್ಷಾಚರಣೆಯ 1934ರಲ್ಲಿಯೂ ಈ ನಾಟಕವನ್ನು ನೋಡಿದನು. 1942ರಲ್ಲಿ, ಯೆಹೂದ್ಯರ ಸಂಹಾರ ನಡೆಯುತ್ತಿದ್ದಾಗಲೇ, ಯೆಹೂದ್ಯರ ಅಪಾಯವನ್ನು ಜನರಿಗೆ ತೋರಿಸಲು ಈ ನಾಟಕ ಮುಂದುವರಿಯಬೇಕೆಂದು ತನ್ನ ಆಪ್ತರೊಡನೆ ಆಡಿಕೊಂಡನು.

ಅಷ್ಟರಲ್ಲಿ ಚಲನಚಿತ್ರವೂ ಇದೇ ಫಲಕವನ್ನು ಕೈಗೆತ್ತಿಕೊಂಡಿತ್ತು. 1940ರಲ್ಲಿ ನಾಜಿ ಸರ್ಕಾರದ ಆಶ್ರಯದಲ್ಲಿ ವೈಟ್ ಹಾರ್ಲಾನ್ ನಿರ್ದೇಶಿಸಿದ 'ಯೂದ್ ಸ್ಯೂಸ್' ಎಂಬ ಚಿತ್ರ ಬಿಡುಗಡೆಯಾಯಿತು. ವುರ್ಟೆಂಬರ್ಗ್‌ನ ಡ್ಯೂಕನ ಹಣಕಾಸಿನ ಸಲಹೆಗಾರನಾಗಿದ್ದು 1738ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಗಲ್ಲಿಗೇರಿದ ಯೋಸೆಫ್ ಸ್ಯೂಸ್ ಒಪ್ಪೆನ್‌ಹೈಮರ್ ಎಂಬ ಐತಿಹಾಸಿಕ ವ್ಯಕ್ತಿಯ ಕಥೆಯನ್ನು ತಿರುಚಿ, ಹಣದಾಸೆ, ಕಪಟ ಹಾಗೂ ಕಾಮಗಳೇ ಯೆಹೂದ್ಯನ ಸ್ವಭಾವವೆಂದು ಆ ಚಿತ್ರ ತೋರಿಸಿತು. ಸುಮಾರು 2 ಕೋಟಿ ಜನ ಅದನ್ನು ನೋಡಿದರು. ಎಸ್.ಎಸ್. ಪಡೆ ಹಾಗೂ ಪೋಲೀಸರು ಅದನ್ನು ನೋಡಲೇಬೇಕೆಂದು ಹೈನ್‌ರಿಖ್ ಹಿಮ್ಲರ್ ಆಜ್ಞೆ ಹೊರಡಿಸಿದನು. ಅದನ್ನು ನೋಡಿದವರಲ್ಲಿ ಸ್ನಾನದೀಕ್ಷೆ ಪಡೆದ ಕ್ರೈಸ್ತರೇ ಬಹುಸಂಖ್ಯಾತರು. ನಾಜಿ ಜನಾಂಗವಾದವು ಕ್ರೈಸ್ತ ಧರ್ಮಬೋಧೆಯಿಂದ ನೇರವಾಗಿ ಹುಟ್ಟಿತೆಂದು ನಾವು ಹೇಳುತ್ತಿಲ್ಲ; ಅದರ ಮೂಲಗಳು ಬೇರೆ, ಅದು ಧರ್ಮಸಭೆಯನ್ನೂ ದ್ವೇಷಿಸಿತು. ಆದರೆ ಹಣದ ಚೀಲ ಹಿಡಿದ ದ್ರೋಹಿಯ ಚಿತ್ರವನ್ನು ಆ ಪ್ರೇಕ್ಷಕರಿಗೆ ಹೊಸದಾಗಿ ಪರಿಚಯಿಸಬೇಕಾಗಿರಲಿಲ್ಲ. ಬಾಲ್ಯದಿಂದಲೂ ಅವರು ಅದನ್ನು ಬಲ್ಲವರಾಗಿದ್ದರು.

ಶುಭಸಂದೇಶಗಳು ಏನು ಹೇಳುತ್ತವೆ?

ಇಲ್ಲಿ ಗುರು ಅಭ್ಯರ್ಥಿಗಳು ಒಂದು ಪ್ರಶ್ನೆಯನ್ನು ಎತ್ತುವುದು ಸಹಜ: ಶುಭಸಂದೇಶಗಳಲ್ಲೇ, ವಿಶೇಷವಾಗಿ ಸಂತ ಯೊವಾನ್ನರಲ್ಲಿ, 'ಯೆಹೂದ್ಯರು' ಯೇಸುವಿನ ವಿರೋಧಿಗಳೆಂದು ಬರೆದಿರುವಾಗ, ದೋಷ ನಾಟಕದ್ದೋ ಪಠ್ಯದ್ದೋ? ಈ ಪ್ರಶ್ನೆಗೆ ಪಠ್ಯದಿಂದಲೇ ಉತ್ತರ ಹುಡುಕಬೇಕು.

ಯೊವಾನ್ನರ ಶುಭಸಂದೇಶದಲ್ಲಿ ಈ ಪದ ಸುಮಾರು 70 ಬಾರಿ ಬರುತ್ತದೆ. ಅದರ ಅರ್ಥ ಎಲ್ಲೆಡೆ ಒಂದೇ ಅಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಸಮಾರಿಯದ ಮಹಿಳೆ ಯೇಸುವನ್ನೇ ಯೆಹೂದ್ಯ ಎನ್ನುತ್ತಾಳೆ. ರಕ್ಷಣೆ ಬರುವುದು ಯೆಹೂದ್ಯರಿಂದಲೇ ಎಂದು ಯೇಸು ಉತ್ತರಿಸುತ್ತಾರೆ. ಹನ್ನೊಂದನೆಯ ಅಧ್ಯಾಯದಲ್ಲಿ ಲಾಜರನ ಸಹೋದರಿಯರನ್ನು ಸಂತೈಸಲು ಬಂದವರೂ ಯೆಹೂದ್ಯರೇ, ಅವರಲ್ಲಿ ಹಲವರು ಯೇಸುವಿನಲ್ಲಿ ವಿಶ್ವಾಸವಿಟ್ಟರು. ಎಲ್ಲಕ್ಕಿಂತ ಸ್ಪಷ್ಟವಾದುದು ಒಂಬತ್ತನೆಯ ಅಧ್ಯಾಯದ 22ನೆಯ ವಚನ. ಹುಟ್ಟುಕುರುಡನ ತಂದೆತಾಯಿ ಯೆಹೂದ್ಯರಿಗೆ ಹೆದರಿದರು ಎಂದು ಅಲ್ಲಿ ಓದುತ್ತೇವೆ. ಆ ತಂದೆತಾಯಿಯೇ ಯೆಹೂದ್ಯರು! ಹಾಗಾದರೆ ಅವರು ಹೆದರಿದ ಆ 'ಯೆಹೂದ್ಯರು' ಯಾರು? ಪ್ರಾರ್ಥನಾಮಂದಿರದಿಂದ ಬಹಿಷ್ಕರಿಸುವ ಅಧಿಕಾರವುಳ್ಳ ಮುಖಂಡರು. ಇಂಥ ಸಂದರ್ಭಗಳಲ್ಲಿ ಯೊವಾನ್ನರ ಪದ ಒಂದು ಅಧಿಕಾರ ವಲಯವನ್ನು ಸೂಚಿಸುತ್ತದೆ, ಜನಾಂಗವನ್ನಲ್ಲ. ತಮ್ಮದೇ ಮನೆಯೊಳಗಿನ ಕಲಹದ ಭಾಷೆಯನ್ನು ಸಂತ ಯೊವಾನ್ನರು ಬಳಸಿದ್ದಾರೆ. ಆ ಭಾಷೆ ಅನ್ಯಜನಾಂಗದವರ ಬಾಯಿಗೆ ಬಂದಾಗ ಅದರ ಅರ್ಥವೇ ಬದಲಾಗುತ್ತದೆ. ಅಣ್ಣತಮ್ಮಂದಿರು ಜಗಳದಲ್ಲಿ ಆಡಿದ ಮಾತನ್ನು ನೆರೆಮನೆಯವನು ಎತ್ತಿಕೊಂಡು ಆಡಿದಂತೆ.

ನಾಟಕಗಳಲ್ಲಿ ಪಿಲಾತನು ಸಾಮಾನ್ಯವಾಗಿ ಕರುಣಾಳುವಾದ, ಕೈಸಾಗದ ಅಧಿಕಾರಿ. ಇತಿಹಾಸದ ಪಿಲಾತನು ಹಾಗಿರಲಿಲ್ಲ. ಅಲೆಕ್ಸಾಂಡ್ರಿಯದ ಫಿಲೋ ಅವನನ್ನು ಲಂಚಕೋರನೆಂದೂ ವಿಚಾರಣೆಯಿಲ್ಲದೆ ಕೊಲ್ಲಿಸುವ ಕ್ರೂರಿಯೆಂದೂ ವರ್ಣಿಸುತ್ತಾನೆ. ಸಮಾರಿಯದವರ ಹತ್ಯಾಕಾಂಡದ ತರುವಾಯ ಅವನನ್ನು ಅಧಿಕಾರದಿಂದ ಇಳಿಸಿ ರೋಮ್ ನಗರಕ್ಕೆ ಕಳುಹಿಸಲಾಯಿತೆಂದು ಜೋಸೆಫಸ್ ಬರೆಯುತ್ತಾನೆ. ಗಲಿಲೇಯದವರ ರಕ್ತವನ್ನು ಅವರ ಬಲಿಗಳೊಡನೆ ಬೆರೆಸಿದವನು ಇದೇ ಪಿಲಾತನೆಂದು ಸಂತ ಲೂಕರು ಹದಿಮೂರನೆಯ ಅಧ್ಯಾಯದ ಆರಂಭದಲ್ಲೇ ತಿಳಿಸುತ್ತಾರೆ. ಮಹಾಯಾಜಕನನ್ನು ನೇಮಿಸುವವನೂ ತೆಗೆದುಹಾಕುವವನೂ ರೋಮಿನ ಅಧಿಕಾರಿಯೇ ಆಗಿದ್ದನು. ಶಿಲುಬೆಗೇರಿಸುವುದು ರೋಮಿನ ಶಿಕ್ಷೆ. ಯೆಹೂದ್ಯ ಜನತೆಯ ಕುರಿತು ಲೂಕರೇ ಹೇಳುವುದನ್ನು ನಾಟಕಗಳು ಮರೆತವು: ಶಿಲುಬೆಯ ಹಾದಿಯಲ್ಲಿ ದೊಡ್ಡ ಜನಸ್ತೋಮ ಗೋಳಾಡುತ್ತಾ ಹಿಂಬಾಲಿಸಿತು, ಯೇಸು ಪ್ರಾಣಬಿಟ್ಟ ಮೇಲೆ ಜನ ಎದೆ ಬಡಿದುಕೊಳ್ಳುತ್ತಾ ಹಿಂದಿರುಗಿದರು.

ಮತ್ತಾಯರ ಶುಭಸಂದೇಶದ 27ನೆಯ ಅಧ್ಯಾಯದಲ್ಲಿ ಯೇಸುವಿನ ರಕ್ತವು ತಮ್ಮ ಮೇಲೆಯೂ ತಮ್ಮ ಮಕ್ಕಳ ಮೇಲೆಯೂ ಇರಲೆಂದು ಜನ ಕೂಗುವ ವಚನವನ್ನು (25) ಶತಮಾನಗಳ ಕಾಲ ಶಾಪವೆಂದು ಓದಲಾಯಿತು. ಆದರೆ ಅದೇ ಸುವಾರ್ತಾಕಾರರು ಹಿಂದಿನ ಅಧ್ಯಾಯದ 28ನೆಯ ವಚನದಲ್ಲಿ, ಆ ರಕ್ತ ಪಾಪಕ್ಷಮೆಗಾಗಿ ಸುರಿಸಲಾಗುವ ಒಡಂಬಡಿಕೆಯ ರಕ್ತವೆಂದು ಯೇಸುವಿನ ಬಾಯಿಂದಲೇ ಹೇಳಿಸಿದ್ದಾರೆ. ಯಾವ ರಕ್ತ ಕ್ಷಮೆಯನ್ನು ತರುತ್ತದೋ ಅದು ಒಂದು ಜನಾಂಗಕ್ಕೆ ಮಾತ್ರ ಶಾಪವಾಗಲು ಹೇಗೆ ಸಾಧ್ಯ?

ಧರ್ಮಸಭೆಯ ತಿದ್ದುಪಡಿ

ಪಡಿಯಚ್ಚನ್ನು ಒಡೆಯುವ ಬೋಧನೆ ಧರ್ಮಸಭೆಯ ಸಂಪ್ರದಾಯದಲ್ಲಿ ಇಲ್ಲದಿರಲಿಲ್ಲ. 1566ರಲ್ಲಿ ಪ್ರಕಟವಾದ ಟ್ರೆಂಟ್ ಮಹಾಸಭೆಯ ಧರ್ಮೋಪದೇಶ ಗ್ರಂಥ, ಕ್ರಿಸ್ತರ ಮರಣಕ್ಕೆ ಪಾಪಿಗಳೆಲ್ಲರೂ ಕಾರಣರೆಂದೂ, ಅವರನ್ನು ಬಲ್ಲೆವೆನ್ನುತ್ತಲೇ ಪಾಪ ಮಾಡುವ ನಮ್ಮ ಅಪರಾಧ ಯೆಹೂದ್ಯರ ಅಪರಾಧಕ್ಕಿಂತ ದೊಡ್ಡದೆಂದೂ ಬೋಧಿಸಿತು. ಆದರೆ ಈ ಗ್ರಂಥ ಯಾಜಕರ ಮೇಜಿನ ಮೇಲಿತ್ತು. ನಾಟಕ ಜನರ ಕಣ್ಣಮುಂದಿತ್ತು. ಸರಿಯಾದ ಬೋಧನೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಜನರ ಕಲ್ಪನೆ ಶುದ್ಧವಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

20ನೆಯ ಶತಮಾನದ ತಿರುವಿಗೆ ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರ ಜ್ಯೂಲ್ ಇಸಾಕ್ ಅವರ ಕೊಡುಗೆ ದೊಡ್ಡದು. ನಾಜಿಗಳಿಂದ ಪತ್ನಿಯನ್ನೂ ಪುತ್ರಿಯನ್ನೂ ಕಳೆದುಕೊಂಡ ಅವರು, ಕ್ರೈಸ್ತ ಬೋಧನೆಯಲ್ಲಿ ಬೆಳೆದುಬಂದಿದ್ದ ಈ ಪರಂಪರೆಯನ್ನು 'ತಿರಸ್ಕಾರದ ಬೋಧನೆ' ಎಂದು ಹೆಸರಿಸಿ, ಶುಭಸಂದೇಶಗಳನ್ನು ಸಾಲುಸಾಲಾಗಿ ಪರಿಶೀಲಿಸಿ ಅದನ್ನು ಪ್ರಶ್ನಿಸಿದರು. ಜಗದ್ಗುರು 23ನೆಯ ಜಾನ್ 1959ರಲ್ಲಿಯೇ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ವಿಶ್ವಾಸಹೀನರೆಂದು ವರ್ಣಿಸುತ್ತಿದ್ದ ವಿಶೇಷಣವನ್ನು ತೆಗೆಸಿದ್ದರು. 1960ರ ಜೂನ್ 13ರಂದು ಇಸಾಕ್ ಅವರನ್ನು ಭೇಟಿಯಾದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ 'ನೊಸ್ತ್ರ ಎತಾತೆ' ಘೋಷಣೆಯ ನಾಲ್ಕನೆಯ ಭಾಗ, ಪಾಡುಗಳ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲೆ ಸಾರಾಸಗಟಾಗಿ ಹೊರಿಸಲಾಗದು, ಇಂದಿನ ಯೆಹೂದ್ಯರ ಮೇಲಂತೂ ಹೊರಿಸಲೇ ಆಗದು ಎಂದು ಸಾರಿತು. ಮೇಲೆ ಹೇಳಿದ ಪಡಿಯಚ್ಚಿನ ಮೂರು ಕೆಲಸಗಳಲ್ಲಿ ಮೊದಲೆರಡಕ್ಕೆ ಇದು ನೇರ ಉತ್ತರ. ಮೂರನೆಯದಕ್ಕೆ ಉತ್ತರ ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿದೆ: ಆ ಜನ ಓಲಿವ್ ಮರದ ಮೂಲಬೇರು, ನಾವು ಕಸಿಮಾಡಿದ ಕೊಂಬೆಗಳು. 1988ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಪಾಡುಗಳ ನಾಟಕಗಳಿಗೆಂದೇ ಮಾನದಂಡಗಳನ್ನು ಪ್ರಕಟಿಸಿದರು.

ಓಬರಾಮರ್ಗೌ ಕೂಡ ಬದಲಾಯಿತು. ಅದೇ ಹಳ್ಳಿಯ ಕ್ರಿಸ್ಟಿಯನ್ ಷ್ಟ್ಯೂಕ್ಲ್ ಅವರ ನಿರ್ದೇಶನದಲ್ಲಿ ನಾಟಕದ ಪಾಠವನ್ನು ಹಂತಹಂತವಾಗಿ ತಿದ್ದಲಾಯಿತು. ಕೊಂಬಿನ ಶಿರಸ್ತ್ರಾಣಗಳು ಹೋದವು. 2000ದ ಪ್ರದರ್ಶನದಲ್ಲಿ ರಕ್ತಶಾಪದ ಮಾತನ್ನು ಕೈಬಿಡಲಾಯಿತು. ಕೋವಿಡ್ ಕಾರಣದಿಂದ ಮುಂದೂಡಿ 2022ರಲ್ಲಿ ಆಡಿದ ನಾಟಕದಲ್ಲಿ ಯೇಸು ಯೆಹೂದ್ಯ ಗುರುವಾಗಿಯೇ ಕಾಣಿಸಿಕೊಂಡು ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸಿದರು. ಹರಕೆ ಮುರಿಯಲಿಲ್ಲ, ಭಕ್ತಿ ಕುಂದಲಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಮೆಲ್ ಗಿಬ್ಸನ್ ಅವರ 2004ರ 'ದ ಪ್ಯಾಶನ್ ಆಫ್ ದ ಕ್ರೈಸ್ಟ್' ಚಿತ್ರ. ಅನೇಕ ಭಕ್ತರನ್ನು ಅದು ಕಣ್ಣೀರಿನೊಡನೆ ಪ್ರಾರ್ಥನೆಗೆ ತಂದಿತು ಎಂಬುದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅದರ ಪಿಲಾತನು ಮನಃಸಾಕ್ಷಿಯಿಂದ ನರಳುವ ಸಜ್ಜನ, ಅದರ ಮಹಾಯಾಜಕರು ದಯೆಯ ಲವಲೇಶವೂ ಇಲ್ಲದವರು. ಶುಭಸಂದೇಶಗಳಲ್ಲಿಲ್ಲದ ಹಲವು ವಿವರಗಳನ್ನು ಅದು ಆನ್ ಕ್ಯಾಥರಿನ್ ಎಮ್ಮೆರಿಖ್ ಅವರ ದರ್ಶನಗಳೆಂದು ಪ್ರಸಿದ್ಧವಾದ ಕೃತಿಯಿಂದ ತೆಗೆದುಕೊಂಡಿತು. ರಕ್ತಶಾಪದ ಮಾತು ಚಿತ್ರದಲ್ಲಿ ಕೇಳಿಸುತ್ತದೆ. ವಿವಾದದ ಬಳಿಕ ಅದರ ಅಡಿಬರಹವನ್ನು ಮಾತ್ರ ತೆಗೆಯಲಾಯಿತು. ಅಡಿಬರಹ ತೆಗೆದರೂ ದೃಶ್ಯ ಉಳಿಯುತ್ತದೆ. ಕಲ್ಪನೆಯ ಮೇಲೆ ಅಚ್ಚೊತ್ತುವುದು ದೃಶ್ಯವೇ.

ನಮ್ಮ ನೆಲದಲ್ಲಿ ಇದೇಕೆ?

ಕರ್ನಾಟಕದ ನಮ್ಮ ಭಕ್ತರಲ್ಲಿ ಬಹುಪಾಲು ಜನ ಒಬ್ಬ ಯೆಹೂದ್ಯನನ್ನೂ ಕಂಡವರಲ್ಲ. ಕೊಚ್ಚಿಯ 1568ರ ಪ್ರಾರ್ಥನಾಮಂದಿರವನ್ನು ಪ್ರವಾಸದಲ್ಲಿ ನೋಡಿರಬಹುದು. ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯದ ಹೆಸರು ಕೇಳಿರಬಹುದು. ಹಾಗಿದ್ದ ಮೇಲೆ ಈ ವಿಚಾರ ನಮಗೇಕೆ ಎಂದು ಕೇಳುವವರಿದ್ದಾರೆ. ನಮಗೆ ತೋರುವಂತೆ, ಅದೇ ಕಾರಣಕ್ಕಾಗಿ ನಮ್ಮ ಹೊಣೆ ಹೆಚ್ಚಿನದು. ನೆರೆಯಲ್ಲಿ ಬದುಕುವ ಜನರ ಬಗೆಗಿನ ಪಡಿಯಚ್ಚನ್ನು ದಿನನಿತ್ಯದ ಒಡನಾಟ ಅಷ್ಟಿಷ್ಟು ಸವೆಸುತ್ತದೆ. ಕಣ್ಣಿಗೇ ಬೀಳದ ಜನರ ವಿಷಯದಲ್ಲಿ ಅಂಥ ತಿದ್ದುಪಡಿಗೆ ಅವಕಾಶವಿಲ್ಲ. ನಮ್ಮ ಧರ್ಮಕೇಂದ್ರದ ಮಗುವೊಂದು ಬಲ್ಲ ಏಕೈಕ ಯೆಹೂದ್ಯನೆಂದರೆ ತಪಸ್ಸುಕಾಲದ ನಾಟಕದಲ್ಲಿ ಅಂಟಿಸಿದ ಗಡ್ಡದೊಡನೆ ಚಾಟಿ ಬೀಸುವವನು. ಆ ಪಾತ್ರಕ್ಕೆ ಎದುರಾಡುವ ಜೀವಂತ ಸಾಕ್ಷಿ ಊರಿನಲ್ಲಿ ಇಲ್ಲ. ಹಾಗಾದರೆ ಗೈರುಹಾಜರಾದ ಆ ನೆರೆಯವನ ಪರವಾಗಿ ಮಾತಾಡಬೇಕಾದವರು ಯಾರು?

ಪಡಿಯಚ್ಚಿನ ನೋವನ್ನು ನಾವು ಬಲ್ಲೆವು. ಭಾರತೀಯ ಚಲನಚಿತ್ರಗಳಲ್ಲಿ ಕ್ರೈಸ್ತ ಪುರುಷ ಕುಡುಕನಾಗಿ, ಕ್ರೈಸ್ತ ಹೆಣ್ಣು ಖಳನಾಯಕನ ಅಡ್ಡೆಯ ನರ್ತಕಿಯಾಗಿ ಎಷ್ಟು ಬಾರಿ ಬಂದಿಲ್ಲ? ನಮ್ಮ ಅಜ್ಜಿಯರ, ತಾಯಂದಿರ ಪ್ರಾಮಾಣಿಕ ಬದುಕಿಗೂ ಆ ತೆರೆಯ ಮೇಲಿನ ರೋಸಿ, ಲಿಲ್ಲಿಯರಿಗೂ ಏನು ಸಂಬಂಧವೆಂದು ನಾವು ಕೇಳುತ್ತೇವೆ, ಕೇಳುವುದು ನ್ಯಾಯವೇ. ಆದರೆ ಅದೇ ನ್ಯಾಯವನ್ನು ಮರಿಯಳೆಂಬ ಯೆಹೂದ್ಯ ತಾಯಿಯ ಜನಕ್ಕೂ ಸಲ್ಲಿಸಬೇಕಲ್ಲವೇ? ಇಲ್ಲದಿದ್ದರೆ ನಮ್ಮ ದೂರು ಸತ್ಯದ ಪರವಾದದ್ದಲ್ಲ, ಸ್ವಂತ ಮಾನದ ಪರವಾದದ್ದು ಮಾತ್ರ.

ಪಾಲನಾಸೇವೆಗೆ ಕೆಲವು ಸೂಚನೆಗಳು

ಮೊದಲನೆಯದು ಪ್ರಬೋಧನೆ. ಶುಭ ಶುಕ್ರವಾರದ ವಾಚನದಲ್ಲಿ ಪಠ್ಯವನ್ನು ಬದಲಿಸುವ ಅಧಿಕಾರ ನಮಗಿಲ್ಲ. ವಿವರಿಸುವ ಹೊಣೆ ಇದೆ. 'ಯೆಹೂದ್ಯರು' ಎಂದು ಓದಿದ ಮೇಲೆ ಪ್ರಬೋಧನೆಯಲ್ಲಿ 'ದೇವಾಲಯದ ಮುಖಂಡರು', 'ಅಂದಿನ ಅಧಿಕಾರಿಗಳು' ಎಂದು ನಿಖರವಾಗಿ ಹೇಳಬಹುದು. 'ಯೆಹೂದ್ಯರು ಯೇಸುವನ್ನು ಕೊಂದರು' ಎಂಬ ವಾಕ್ಯ ನಮ್ಮ ಬಾಯಿಂದ ಬರಕೂಡದು. ಅದು ಧರ್ಮಸಭೆಯ ಬೋಧನೆಯಲ್ಲ.

ಎರಡನೆಯದು ನಾಟಕ. ಧರ್ಮಕೇಂದ್ರದ ಯುವಜನರು ಜೀವಂತ ಶಿಲುಬೆ ಹಾದಿಯನ್ನು ಸಿದ್ಧಪಡಿಸುವಾಗ ಯಾಜಕರು ಪಾಠವನ್ನು ಮೊದಲೇ ಓದಲಿ. ಯೇಸು, ಶಿಷ್ಯರು ಮತ್ತು ವಿರೋಧಿಗಳ ಉಡುಪು ಒಂದೇ ಜನಾಂಗದ್ದಾಗಿರಲಿ. ಯೂದನಿಗೆ ಮಾತ್ರ ವಿಕಾರವಾದ ಮುಖಸಜ್ಜೆ ಬೇಡ. ಅವನೂ ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬನಾಗಿದ್ದವನು. ಚಾಟಿ ಬೀಸುವವರು ರೋಮಿನ ಸೈನಿಕರಾಗಿರಲಿ. ಅಳುವ ಜೆರುಸಲೇಮಿನ ಸ್ತ್ರೀಯರಿಗೂ ಎದೆ ಬಡಿದುಕೊಳ್ಳುವ ಜನರಿಗೂ ರಂಗದ ಮೇಲೆ ಸ್ಥಳವಿರಲಿ.

ಮೂರನೆಯದು ಪೂಜಾವಿಧಿಯೇ ನಮಗೆ ಕಲಿಸುವ ಪಾಠ. ಪಾಡುಗಳ ವಾಚನವನ್ನು ಪಾತ್ರಗಳಾಗಿ ಹಂಚಿಕೊಂಡಾಗ ಜನಸಮೂಹದ ಕೂಗನ್ನು ಅನೇಕ ಕಡೆ ನೆರೆದ ಸಭೆಯೇ ಹೇಳುತ್ತದೆ. ಶಿಲುಬೆಗೇರಿಸೆಂಬ ಕೂಗು ನಮ್ಮ ಅಜ್ಜ, ನಮ್ಮ ಮಗಳು, ಹಾಡುವ ಬಳಗ, ಬಲಿಪೀಠದ ಸೇವಕರು ಎಲ್ಲರ ಬಾಯಿಂದ ಹೊರಡುತ್ತದೆ. ಟ್ರೆಂಟ್ ಮಹಾಸಭೆಯ ಬೋಧನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ರಂಗಕ್ಕೆ ತರಲು ಸಾಧ್ಯವಿಲ್ಲ: ಪೂಜಾವಿಧಿ ಆ ಪಾತ್ರಕ್ಕೆ ಬೇರೊಂದು ಜನಾಂಗವನ್ನು ಹುಡುಕಲಿಲ್ಲ, ಅದನ್ನು ನಮಗೇ ಕೊಟ್ಟಿತು. ಈ ಸಂಗತಿಯನ್ನು ಭಕ್ತರಿಗೆ ವಿವರಿಸಿ ಹೇಳಬೇಕು. ಇಲ್ಲವಾದರೆ ಅವರು ಬೇರೆ ಯಾರದೋ ಪಾತ್ರವನ್ನು ಓದುತ್ತಿರುವೆವೆಂದು ಭಾವಿಸುವ ಸಂಭವವಿದೆ.

ಶುಭ ಶುಕ್ರವಾರದ ಸಾರ್ವತ್ರಿಕ ಪ್ರಾರ್ಥನೆಗಳಲ್ಲಿ, ದೇವರು ಮೊದಲು ಮಾತನಾಡಿದ್ದು ಯಾರೊಡನೆಯೋ ಆ ಯೆಹೂದ್ಯ ಜನರಿಗಾಗಿ ನಾವು ಬೇಡಿಕೊಳ್ಳುತ್ತೇವೆ. ಅದಾದ ಬಳಿಕ ಶಿಲುಬೆಯನ್ನು ಮುತ್ತಿಡಲು ಮುಂದೆ ಬರುತ್ತೇವೆ. ಆ ಶಿಲುಬೆಯ ತುದಿಯಲ್ಲಿ ಪಿಲಾತನು ಅಣಕಕ್ಕೆಂದು ಬರೆಸಿದ ಫಲಕವಿದೆ: ನಜರೇತಿನ ಯೇಸು, ಯೆಹೂದ್ಯರ ಅರಸ. ಹೀಬ್ರೂ, ಲತೀನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಬರೆದಿದ್ದ ಆ ಫಲಕವನ್ನು ಯೆಹೂದ್ಯರಲ್ಲಿ ಅನೇಕರು ಓದಿದರೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಮುತ್ತಿಡಲು ಬಾಗುವ ಮುನ್ನ ನಾವೂ ಅದನ್ನು ಓದಿಕೊಂಡರೆ ಒಳಿತು.